ಎಡವೋ ಬಲವೋ: ಪರದೇಶದ ರಸ್ತೆಯ ಕಟ್ಟಳೆಗಳು ಹುಟ್ಟಿದ ಕಥೆ

ದಾವಣಗೆರೆಯ ನಿವೃತ್ತ ಉಪಾಧ್ಯಾಯರೊಬ್ಬರು ನಮ್ಮ ಮಾತುಕತೆ ಕಾರ್ಯಕ್ರಮಕ್ಕೆ ಕಾಗದ ಬರೆದಿದ್ದರು. ಮಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದಾನೆ. ಬೇಸಿಗೆಗೆ ತಾವೂ ತಮ್ಮ ಮನೆಯವರೂ ಅಲ್ಲಿಗೆ ಹೊರಟಿದ್ದಾರೆ. ಮಗನ ಕಾರಿನಲ್ಲಿ ಸ್ವಿಟ್ಜರ್ಲೆಂಡ್, ಫ್ರಾನ್ಸ್ ಸುತ್ತಿಬರುವ ಆಲೋಚನೆಯಿದೆ. "ನನಗೆ 38 ವರ್ಷಗಳ ಅನುಭವವಿದೆ. ಈವರೆಗೆ ಒಂದು ಕೋಳಿಗೂ ಗಾಡಿ ತಾಗಿಸಿದವನಲ್ಲ. ಮಗನಿಗೆ ದಣಿವಾದಾಗ ನಾನು ಸ್ಟೀರಿಂಗ್ ಹಿಡಿಯಬಹುದೇ? ಅಲ್ಲಿನ ಕಾನೂನು ಏನು ಹೇಳುತ್ತದೆ?" ಎಂಬುದು ಅವರ ಪ್ರಶ್ನೆ. ನಾಲ್ಕು ಸಾಲಿನಲ್ಲಿ ಉತ್ತರ ಬರೆದು ಮುಗಿಸೋಣವೆಂದು ಕುಳಿತೆ. ಆದರೆ ಒಂದೊಂದು ಕಟ್ಟಳೆಯ ಬುಡವನ್ನು ಕೆದಕಿದಾಗಲೂ ನೂರು, ಇನ್ನೂರು ವರ್ಷಗಳ ಕಥೆಗಳೇ ಎದ್ದು ಬಂದವು. ಹಾಗಾಗಿ ಉತ್ತರವು ಈ ಲೇಖನವಾಗಿ ಬೆಳೆದಿದೆ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಲು ಸ್ವಂತದ ಕಾರಣವೂ ಒಂದುಂಟು. 2011ರ ಬೇಸಿಗೆಯಲ್ಲಿ ತರಬೇತಿಯೊಂದರ ನೆಪದಲ್ಲಿ ಫ್ರಾನ್ಸಿಗೆ ಹೋಗಿದ್ದೆ. ತರಬೇತಿ ಮುಗಿದ ಮೇಲೆ ನಾವು ಮೂವರು ಸಹೋದ್ಯೋಗಿಗಳು ಬಾಡಿಗೆಗೆ ಕಾರು ಹಿಡಿದು ನಾರ್ಮಂಡಿಯ ಹಳ್ಳಿಗಳ ಕಡೆಗೆ ಹೊರಟೆವು. ಸ್ಟೀರಿಂಗ್ ಹಿಡಿದಿದ್ದವನು ನಾನು. ರಸ್ತೆಯ ಬಲಕ್ಕೆ ಓಡಿಸಬೇಕು ಎಂಬುದನ್ನು ಮಂತ್ರದಂತೆ ಜಪಿಸುತ್ತಾ ಅರ್ಧ ದಿನ ಕಳೆದೆ. ಆ ವಿಷಯದಲ್ಲಿ ತಪ್ಪಲಿಲ್ಲ. ತಪ್ಪಿದ್ದು ಬೇರೆ ಕಡೆ. ಒಂದು ಹಳ್ಳಿಯ ನಡುವೆ ದೊಡ್ಡ ರಸ್ತೆಯಲ್ಲಿ ನಿಶ್ಚಿಂತೆಯಿಂದ ಹೋಗುತ್ತಿದ್ದಾಗ ಬಲಗಡೆಯ ಓಣಿಯಿಂದ ಹುಲ್ಲು ತುಂಬಿದ ಟ್ರ್ಯಾಕ್ಟರೊಂದು ಅತ್ತಿತ್ತ ನೋಡದೆ ನೇರವಾಗಿ ರಸ್ತೆಗೆ ಇಳಿಯಿತು. ನಾನು ಬ್ರೇಕನ್ನು ಒತ್ತಿದ ರಭಸಕ್ಕೆ, ಹಿಂದೆ ಬೆಲ್ಟು ಹಾಕದೆ ಕುಳಿತಿದ್ದ ಗೆಳೆಯನ ಹಣೆ ಮುಂದಿನ ಸೀಟಿಗೆ ಬಡಿದು ಮೂರು ಹೊಲಿಗೆ ಬಿದ್ದವು. ಟ್ರ್ಯಾಕ್ಟರಿನ ರೈತ ಕೆಳಗಿಳಿದು ಬಂದು ಬೈಯುವನೆಂದು ತಿಳಿದರೆ, ಆತ ತನ್ನ ಬಲಗೈಯನ್ನು ಎರಡು ಸಲ ತಟ್ಟಿ ತೋರಿಸಿ, ನಮ್ಮನ್ನು ಆಸ್ಪತ್ರೆಯವರೆಗೆ ಕರೆದುಕೊಂಡು ಹೋದ. ಕಾನೂನಿನ ಪ್ರಕಾರ ತಪ್ಪು ಪೂರ್ತಿಯಾಗಿ ನನ್ನದೇ ಆಗಿತ್ತು. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಎಡ-ಬಲದ ಜಗಳವನ್ನು ನೋಡೋಣ. ಕುದುರೆಯ ಮೇಲೆ ಹೋಗುವ ವೀರನು ಬಲಗೈಯಲ್ಲಿ ಕತ್ತಿ ಹಿಡಿಯಲು ಅನುಕೂಲವಾಗಲೆಂದು ಎಡಕ್ಕೆ ಸಾಗುತ್ತಿದ್ದ, ಬಲಕ್ಕೆ ಹೋಗುವ ಪದ್ಧತಿಯನ್ನು ನೆಪೋಲಿಯನ್ ತಂದ ಎಂಬ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಕೇಳಲು ಸೊಗಸಾಗಿವೆ, ಸಾಕ್ಷ್ಯ ಮಾತ್ರ ತೆಳು. ಕಾಗದದಲ್ಲಿ ಗಟ್ಟಿಯಾಗಿ ಸಿಗುವ ಕಟ್ಟಳೆಗಳಲ್ಲಿ ಒಂದು 1722ರದು. ಲಂಡನ್ ಸೇತುವೆಯ ಮೇಲೆ ಗಾಡಿಗಳು ಒಂದಕ್ಕೊಂದು ಸಿಕ್ಕಿ ಗಂಟೆಗಟ್ಟಲೆ ನಿಲ್ಲುತ್ತಿದ್ದವು. ಬೇಸತ್ತ ಅಲ್ಲಿನ ಲಾರ್ಡ್ ಮೇಯರ್, ನಗರದೊಳಕ್ಕೆ ಬರುವ ಗಾಡಿಗಳು ಪಶ್ಚಿಮದ ಬದಿಯಲ್ಲಿಯೂ ಹೊರಕ್ಕೆ ಹೋಗುವವು ಪೂರ್ವದ ಬದಿಯಲ್ಲಿಯೂ ಸಾಗಬೇಕೆಂದು ಆಜ್ಞೆ ಹೊರಡಿಸಿದ. ಸೇತುವೆ ದಕ್ಷಿಣೋತ್ತರವಾಗಿರುವುದರಿಂದ ಇಬ್ಬರಿಗೂ ಅದು ಎಡಗಡೆಯೇ ಆಯಿತು. 1835ರ ಹೆದ್ದಾರಿ ಕಾಯಿದೆಯು ಇದನ್ನೇ ಬ್ರಿಟನ್ನಿನ ಕಾನೂನಾಗಿ ಮಾಡಿತು. ಬ್ರಿಟಿಷರು ಆಳಿದ ಕಡೆಗಳಲ್ಲೆಲ್ಲ, ನಮ್ಮಲ್ಲಿಯೂ, ಅದು ಬೇರೂರಿತು.

ಅಮೆರಿಕದಲ್ಲಿ ಕಥೆ ಬೇರೆ. ಪೆನ್ಸಿಲ್ವೇನಿಯಾದ ಕಡೆ ನಾಲ್ಕಾರು ಕುದುರೆ ಕಟ್ಟಿದ ಭಾರಿ ಸರಕು ಗಾಡಿಗಳು ಓಡುತ್ತಿದ್ದವು. ಗಾಡಿಯವನಿಗೆ ಪ್ರತ್ಯೇಕ ಆಸನವಿರಲಿಲ್ಲ. ಹಿಂದಿನ ಸಾಲಿನ ಎಡಗಡೆಯ ಕುದುರೆಯ ಮೇಲೆ ಕುಳಿತು ಬಲಗೈಯಿಂದ ಚಾವಟಿ ಬೀಸುವುದು ರೂಢಿ. ಹೀಗೆ ಎಡಕ್ಕೆ ಕುಳಿತವನಿಗೆ ಎದುರು ಗಾಡಿಯ ಚಕ್ರ ತನ್ನ ಚಕ್ರಕ್ಕೆ ತಾಗದಂತೆ ನೋಡಿಕೊಳ್ಳಲು ತಾನು ರಸ್ತೆಯ ಬಲಕ್ಕಿರುವುದೇ ಅನುಕೂಲ. 1792ರಲ್ಲಿ ಪೆನ್ಸಿಲ್ವೇನಿಯಾವೂ 1804ರಲ್ಲಿ ನ್ಯೂಯಾರ್ಕ್ ರಾಜ್ಯವೂ ಬಲಬದಿಯ ಕಾನೂನು ಮಾಡಿದವು. 1908ರಲ್ಲಿ ಹೆನ್ರಿ ಫೋರ್ಡ್ ತನ್ನ ಟಿ ಮಾದರಿಯ ಕಾರಿನ ಸ್ಟೀರಿಂಗನ್ನು ಎಡಕ್ಕೆ ಇಟ್ಟಾಗ, ಕುದುರೆ ಗಾಡಿಯವನ ತರ್ಕವೇ ಕಾರಿಗೂ ಬಂದಂತಾಯಿತು.

ಯುರೋಪ್ ಖಂಡವಂತೂ ಬಹುಕಾಲ ಕಲಸುಮೇಲೋಗರವಾಗಿತ್ತು. ಇಟಲಿಯ ಹಳ್ಳಿಗಾಡಿನಲ್ಲಿ ಬಲಕ್ಕೆ ಹೋದರೆ ರೋಮ್, ಮಿಲಾನ್ ಮೊದಲಾದ ನಗರಗಳೊಳಗೆ 1920ರ ದಶಕದ ನಡುವಿನವರೆಗೂ ಎಡಕ್ಕೆ ಹೋಗಬೇಕಾಗಿತ್ತು. ಮ್ಯಾಡ್ರಿಡ್ 1924ರಲ್ಲಿ ಬಲಕ್ಕೆ ಬದಲಾಯಿತು. ಆದರೆ ಅದಕ್ಕೂ ಮುಂಚೆ ತೆರೆದಿದ್ದ ಅಲ್ಲಿನ ಸುರಂಗ ರೈಲು ಇಂದಿಗೂ ಎಡಕ್ಕೇ ಓಡುತ್ತದೆ. ಆಸ್ಟ್ರಿಯಾದ ಒಂದು ಭಾಗ ಬಲಕ್ಕೆ, ವಿಯೆನ್ನಾ ಎಡಕ್ಕೆ. 1938ರಲ್ಲಿ ಹಿಟ್ಲರನ ಸೈನ್ಯ ಬಂದ ಮೇಲೆ ಅದೂ ಬಲವಾಯಿತು. ಮರುವರ್ಷ ಚೆಕೊಸ್ಲೊವಾಕಿಯಾದಲ್ಲಿಯೂ ಹಾಗೆಯೇ ಆಯಿತು.

ಇಲ್ಲಿ ನಮಗೆ ಹತ್ತಿರದ ಒಂದು ಸಂಗತಿಯನ್ನು ಹೇಳಬೇಕು. ಪೋರ್ಚುಗಲ್ 1928ರಲ್ಲಿ ಎಡದಿಂದ ಬಲಕ್ಕೆ ಬದಲಾಯಿತು. ಆಗ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ನ್ಯಾಯವಾಗಿ ಅಲ್ಲಿಯೂ ಬಲವಾಗಬೇಕಿತ್ತು. ಆದರೆ ಸುತ್ತಲೂ ಎಡಕ್ಕೆ ಓಡುವ ಬ್ರಿಟಿಷ್ ಇಂಡಿಯಾ ಇದ್ದುದರಿಂದ ಗೋವೆಯನ್ನು ಹಾಗೆಯೇ ಬಿಟ್ಟರು. ಆಫ್ರಿಕದ ಮೊಜಾಂಬಿಕ್ ಮತ್ತು ಚೀನಾದ ಮಗ್ಗುಲಿನ ಮಕಾವುಗಳಿಗೂ ಇದೇ ರಿಯಾಯಿತಿ. ಇಂದು ನಾವು ಕಾರವಾರದಿಂದ ಮಾಜಾಳಿ ದಾಟಿ ಕಾಣಕೋಣಕ್ಕೆ ಹೋಗುವಾಗ ಗಡಿಯಲ್ಲಿ ಏನೂ ಬದಲಾಗುವುದಿಲ್ಲ. ಪೋರ್ಚುಗೀಸರ ಕಾಲದಲ್ಲಿ ಬದಲಾಗಬಹುದಾಗಿದ್ದದ್ದು ಬದಲಾಗದೇ ಉಳಿದದ್ದು ನೆರೆಹೊರೆಯ ಲೆಕ್ಕಾಚಾರದಿಂದ.

ಇನ್ನು ಮೋಟಾರು ಬಂದ ಮೇಲಿನ ಮಾತು. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಬಂಡಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1886ರ ಜನವರಿಯಲ್ಲಿ. ಅದರ ಗದ್ದಲಕ್ಕೂ ವಾಸನೆಗೂ ಊರ ಜನ ದೂರು ಕೊಟ್ಟರು. ಆದ್ದರಿಂದ 1888ರಲ್ಲಿ ಆತ ಬಾಡೆನ್ ಸಂಸ್ಥಾನದ ಅಧಿಕಾರಿಗಳಿಂದ ರಸ್ತೆಯಲ್ಲಿ ಓಡಿಸಲು ಬರಹದ ಅನುಮತಿ ಪಡೆಯಬೇಕಾಯಿತು. ಜಗತ್ತಿನ ಮೊದಲ ಡ್ರೈವಿಂಗ್ ಲೈಸೆನ್ಸ್ ಎಂದರೆ ಇದೇ ಎನ್ನಬಹುದು. ಅದೇ ತಿಂಗಳು ಅವನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಇಬ್ಬರು ಹುಡುಗರನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನಲ್ಲಿದ್ದ ತವರಿಗೆ ಹೊರಟಳು. ಸುಮಾರು 100 ಕಿಲೋಮೀಟರು. ದಾರಿಯಲ್ಲಿ ಇಂಧನ ಮುಗಿದಾಗ ವೀಸ್ಲೊಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಕಲೆ ತೆಗೆಯುವ ದ್ರಾವಕವನ್ನು ಕೊಂಡು ಸುರಿದಳು. ಕಟ್ಟಿಕೊಂಡ ನಳಿಕೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದಳು. ಮೊಟ್ಟಮೊದಲ ಮೋಟಾರು ಪ್ರವಾಸ ತವರುಮನೆಗೆ ಆಯಿತೆಂಬುದು ನಮ್ಮ ಹೆಣ್ಣುಮಕ್ಕಳಿಗೆ ಖುಷಿಯ ಸಂಗತಿ.

ಬ್ರಿಟನ್ನಿನಲ್ಲಿ ಆಗ ಇದ್ದ ಕಾನೂನು ವಿಚಿತ್ರವಾದದ್ದು. 1865ರ ಕಾಯಿದೆಯಂತೆ, ಯಂತ್ರದಿಂದ ಓಡುವ ಬಂಡಿಯ ಮುಂದೆ 60 ಗಜ ದೂರದಲ್ಲಿ ಒಬ್ಬ ಆಳು ಕೆಂಪು ಬಾವುಟ ಹಿಡಿದು ನಡೆಯಬೇಕು. ಊರೊಳಗೆ ಗಂಟೆಗೆ 2 ಮೈಲಿ, ಹೊರಗೆ 4 ಮೈಲಿ ವೇಗ. ಬಾವುಟದ ಕಡ್ಡಾಯ 1878ರಲ್ಲಿ ಸಡಿಲವಾದರೂ ಮುಂದೆ ನಡೆಯುವ ಮನುಷ್ಯ ತಪ್ಪಿದ್ದು 1896ರಲ್ಲಿಯೇ. ನಗಬಹುದಾದ ಕಾನೂನು ನಿಜ. ಆದರೆ ಏಳು ವರ್ಷದೊಳಗೆ, 1903ರ ಮೇ ತಿಂಗಳಲ್ಲಿ, ಪ್ಯಾರಿಸ್‌ನಿಂದ ಮ್ಯಾಡ್ರಿಡ್‌ಗೆ ಹೊರಟ ಮೋಟಾರು ಪಂದ್ಯದಲ್ಲಿ ಸ್ಪರ್ಧಿಗಳ ಜೊತೆಗೆ ದಾರಿಯಲ್ಲಿ ನಿಂತು ನೋಡುತ್ತಿದ್ದವರೂ ಸತ್ತರು. ರೆನೊ ಕಾರು ಕಾರ್ಖಾನೆಯ ಸೋದರರಲ್ಲಿ ಒಬ್ಬನಾದ ಮಾರ್ಸೆಲ್ ರೆನೊ ಸತ್ತದ್ದು ಅದರಲ್ಲಿಯೇ. ಸರಕಾರ ಪಂದ್ಯವನ್ನು ಬೋರ್ಡೋ ನಗರದಲ್ಲಿ ನಿಲ್ಲಿಸಿತು. ಬಾವುಟದವನನ್ನು ಕಂಡು ನಗುವ ಮುನ್ನ ಇದನ್ನೂ ನೆನೆಯಬೇಕು.

ಅಷ್ಟರಲ್ಲಿ ಹಣವಂತರು ಕಾರಿನಲ್ಲಿ ಗಡಿ ದಾಟತೊಡಗಿದ್ದರು. ಒಂದೊಂದು ದೇಶದಲ್ಲಿಯೂ ಹೊಸ ಪರೀಕ್ಷೆ, ಹೊಸ ನಂಬರು ಫಲಕ, ಹೊಸ ಶುಲ್ಕ. ಈ ತಾಪತ್ರಯ ತಪ್ಪಿಸಲೆಂದು 1909ರ ಅಕ್ಟೋಬರ್ 11ರಂದು ಪ್ಯಾರಿಸ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಮೋಟಾರು ಒಪ್ಪಂದಕ್ಕೆ ರುಜು ಬಿತ್ತು. ಇಂದಿನ ಪ್ರವಾಸಿಗೆ ಬೇಕಾದ ಮುಖ್ಯ ಸಂಗತಿಗಳೆಲ್ಲ ಅದರಲ್ಲಿ ಮೊಳಕೆಯ ರೂಪದಲ್ಲಿವೆ. ಸ್ವದೇಶದಲ್ಲಿ ಪರೀಕ್ಷೆ ಮಾಡಿ ಕೊಟ್ಟ ಒಂದು ವರ್ಷದ ಪ್ರವಾಸಪತ್ರವನ್ನು ಉಳಿದ ದೇಶಗಳು ಒಪ್ಪಬೇಕು. ಕಾರಿನ ಹಿಂದೆ 30 ಸೆಂಟಿಮೀಟರು ಅಗಲ, 18 ಸೆಂಟಿಮೀಟರು ಎತ್ತರದ ಮೊಟ್ಟೆಯಾಕಾರದ ಬಿಳಿ ಫಲಕದ ಮೇಲೆ ದೇಶದ ಅಕ್ಷರವಿರಬೇಕು. ಫ್ರಾನ್ಸಿಗೆ ಎಫ್, ಜರ್ಮನಿಗೆ ಡಿ, ಸ್ಪೇನಿಗೆ ಇ. ಸ್ವಿಟ್ಜರ್ಲೆಂಡಿನದು ಸಿಎಚ್; ನಾಲ್ಕು ಭಾಷೆಗಳ ದೇಶವಾದ್ದರಿಂದ ಯಾರಿಗೂ ನೋವಾಗದಂತೆ ಲ್ಯಾಟಿನ್ ಹೆಸರನ್ನು ಹಿಡಿದರು. ಬ್ರಿಟಿಷ್ ಇಂಡಿಯಾಕ್ಕೆ ಬಿಐ ಎಂದಿದ್ದದ್ದು ಸ್ವಾತಂತ್ರ್ಯದ ಬಳಿಕ ಐಎನ್‌ಡಿ ಆಯಿತು. ನಮ್ಮ ಇಂದಿನ ನಂಬರು ಫಲಕದ ಎಡ ಅಂಚಿನಲ್ಲಿ ಕಾಣುವ ಆ ಮೂರು ಅಕ್ಷರಗಳ ಮೂಲ ಹುಡುಕುತ್ತ ಹೋದರೆ ಪ್ಯಾರಿಸ್‌ನ ಆ ಸಭೆಗೇ ಮುಟ್ಟುತ್ತೇವೆ. ಬ್ರಿಟನ್ ಮಾತ್ರ ತನ್ನ ನೂರು ವರ್ಷದ ಜಿಬಿ ಅಕ್ಷರಗಳನ್ನು 2021ರ ಸೆಪ್ಟೆಂಬರಿನಲ್ಲಿ ಯುಕೆ ಎಂದು ಬದಲಿಸಿಕೊಂಡಿತು.

ಆ ಒಪ್ಪಂದದಲ್ಲಿದ್ದ ಎಚ್ಚರಿಕೆಯ ಚಿಹ್ನೆಗಳು ನಾಲ್ಕೇ ನಾಲ್ಕು: ಉಬ್ಬು ತಗ್ಗಿನ ರಸ್ತೆ, ತಿರುವು, ಕೂಡುರಸ್ತೆ, ರೈಲ್ವೆ ಗೇಟು. ಅಕ್ಷರವಿಲ್ಲದ ಚಿತ್ರ, ಯಾವ ಭಾಷೆಯವನೂ ಓದಬಲ್ಲ. 1926ರಲ್ಲಿ ಪ್ಯಾರಿಸ್‌ನಲ್ಲಿಯೇ ಇನ್ನೊಮ್ಮೆ ಸೇರಿದಾಗ ಎಚ್ಚರಿಕೆಗೆ ತ್ರಿಕೋನ ಎಂದು ಗೊತ್ತುಮಾಡಿದರು. ಚಿಕ್ಕಮಗಳೂರಿನ ಘಾಟಿಯಲ್ಲಿ ನಮಗೆ ತಿರುವನ್ನು ತೋರಿಸುವ ಕೆಂಪಂಚಿನ ತ್ರಿಕೋನ ಆ ಮನೆತನದ್ದೇ.

ಎರಡನೆಯ ಮಹಾಯುದ್ಧದ ಬಳಿಕ ವಿಶ್ವಸಂಸ್ಥೆಯ ಆಶ್ರಯದಲ್ಲಿ 1949ರಲ್ಲಿ ಜಿನೀವಾ ಒಪ್ಪಂದ, 1968ರಲ್ಲಿ ವಿಯೆನ್ನಾ ಒಪ್ಪಂದಗಳಾದವು. ಪ್ರವಾಸಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ನಮ್ಮ ಆರ್‌ಟಿಓ ಕಚೇರಿಯಲ್ಲಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯು 1949ರ ಒಪ್ಪಂದಕ್ಕೆ ಸೇರಿದ್ದು. ಅದರ ಅವಧಿ ಒಂದು ವರ್ಷ. ಜಪಾನ್ ಒಪ್ಪುವುದು 1949ರ ಪರವಾನಗಿಯನ್ನು ಮಾತ್ರ. ಚೀನಾದ ಮುಖ್ಯಭೂಮಿಯಲ್ಲಿ ಎರಡಕ್ಕೂ ಬೆಲೆಯಿಲ್ಲ. ಹಿಂದೆ ನಮ್ಮಲ್ಲಿ ಒಂದೊಂದು ರಾಜ್ಯದ ಪುಸ್ತಿಕೆ ಒಂದೊಂದು ಅಳತೆ, ಒಂದೊಂದು ಬಣ್ಣದಲ್ಲಿದ್ದು ಹೊರದೇಶದ ಪೊಲೀಸರು ಅನುಮಾನಪಡುತ್ತಿದ್ದರು. 2022ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ದೇಶಕ್ಕೆಲ್ಲ ಒಂದೇ ನಮೂನೆಯನ್ನು ಗೊತ್ತುಮಾಡಿತು. ಇನ್ನೊಂದು ಮಾತು: ಈ ಪುಸ್ತಿಕೆ ಲೈಸೆನ್ಸಲ್ಲ, ಲೈಸೆನ್ಸಿನ ಅನುವಾದ ಮಾತ್ರ. ಊರಿನ ಲೈಸೆನ್ಸನ್ನು ಮನೆಯಲ್ಲಿಟ್ಟು ಇದೊಂದನ್ನೇ ಒಯ್ದವನು ಗಂಡಿಲ್ಲದೆ ಹೊರಟ ದಿಬ್ಬಣದಂತೆ.

ಬಲ-ಎಡದ ಬದಲಾವಣೆಗಳಲ್ಲೆಲ್ಲ ನನ್ನ ಮನಸ್ಸನ್ನು ಸೆಳೆದದ್ದು ಸ್ವೀಡನ್ನಿನದು. ಅಲ್ಲಿ 1734ರಿಂದಲೂ ಎಡಬದಿಯ ಸಂಚಾರ. ಆದರೆ ನೆರೆಯ ನಾರ್ವೆ, ಫಿನ್‌ಲ್ಯಾಂಡುಗಳಲ್ಲಿ ಬಲ. ಇನ್ನೂ ವಿಚಿತ್ರವೆಂದರೆ ಸ್ವೀಡನ್ನಿನ ಕಾರುಗಳಲ್ಲೇ ಬಹುಪಾಲಿನವುಗಳಿಗೆ ಸ್ಟೀರಿಂಗ್ ಎಡಗಡೆ! ಎಡಕ್ಕೆ ಕುಳಿತು ಎಡಕ್ಕೆ ಓಡಿಸುವವನಿಗೆ ಮುಂದಿನ ಲಾರಿಯನ್ನು ಹಿಂದೆ ಹಾಕಬೇಕಾದಾಗ ಎದುರಿನಿಂದ ಏನು ಬರುತ್ತಿದೆ ಎಂಬುದು ಕಾಣುವುದಿಲ್ಲ. ಕಾಣಬೇಕಾದರೆ ಅರ್ಧ ಕಾರನ್ನೇ ಆಚೆ ಬದಿಗೆ ಚಾಚಬೇಕು. ಇಕ್ಕಟ್ಟಾದ ಎರಡು ಸಾಲಿನ ರಸ್ತೆಗಳಲ್ಲಿ ಇದರಿಂದ ಮುಖಾಮುಖಿ ಡಿಕ್ಕಿಗಳಾಗುತ್ತಿದ್ದವು. 1955ರಲ್ಲಿ ಜನಮತ ಕೇಳಿದರು. ನೂರಕ್ಕೆ 83 ಮಂದಿ ಎಡವೇ ಇರಲಿ ಎಂದರು. ಎಂಟು ವರ್ಷದ ಬಳಿಕ, 1963ರಲ್ಲಿ, ಪಾರ್ಲಿಮೆಂಟು ಜನಮತವನ್ನು ಬದಿಗಿಟ್ಟು ಬಲವೆಂದು ತೀರ್ಮಾನಿಸಿತು. ಪ್ರಜಾಪ್ರಭುತ್ವದಲ್ಲಿ ಇದು ಸರಿಯೇ ಎಂದು ನಮ್ಮ ಸ್ಟುಡಿಯೋದಲ್ಲಿ ಕೇಳಿದರೆ ಒಂದು ಗಂಟೆಯ ಚರ್ಚೆಗೆ ಸಾಮಗ್ರಿಯಾದೀತು. ನನ್ನ ಮಟ್ಟಿಗೆ, ತೀರ್ಮಾನಕ್ಕಿಂತ ಹೆಚ್ಚಾಗಿ ಅದನ್ನು ನಡೆಸಿದ ರೀತಿಯಲ್ಲಿ ಅವರ ಜಾಣತನವಿದೆ.

ನಾಲ್ಕು ವರ್ಷ ಸಿದ್ಧತೆ ನಡೆಯಿತು. ಸ್ವೀಡಿಷ್ ಭಾಷೆಯಲ್ಲಿ ಬಲಸಂಚಾರ ಎಂಬ ಪದದ ಮೊದಲಕ್ಷರ ಎಚ್. ಆ ಎಚ್ ಗುರುತನ್ನು ಹಾಲಿನ ಪೊಟ್ಟಣದ ಮೇಲೆ ಅಚ್ಚುಹಾಕಿದರು, ಒಳಉಡುಪಿನ ಮೇಲೂ ಹಾಕಿದರು. ಹಾಡಿನ ಸ್ಪರ್ಧೆ ಇಟ್ಟರು. ಬಲಕ್ಕೆ ಸರಿಯಪ್ಪಾ ಎಂಬ ಅರ್ಥದ ಹಾಡೊಂದು ಗೆದ್ದು ಜನರ ಬಾಯಲ್ಲಿ ನಲಿಯಿತು. ಹೊಸ ಫಲಕಗಳನ್ನು ನೆಟ್ಟು ಮುಸುಕು ಹಾಕಿಟ್ಟರು. ಬಸ್ಸುಗಳ ಬಾಗಿಲುಗಳೆಲ್ಲ ಎಡಕ್ಕಿದ್ದವು. ಹೊಸ ಬಸ್ಸುಗಳನ್ನು ಕೊಳ್ಳಬೇಕಾಯಿತು, ಹಳೆಯವು ಕೆಲವು ಎಡಸಂಚಾರದ ಪಾಕಿಸ್ತಾನ, ಕೀನ್ಯಾಗಳಿಗೆ ಹೋದವು. ಸ್ಟಾಕ್‌ಹೋಮಿನ ಹೆಚ್ಚಿನ ಟ್ರಾಮ್ ಮಾರ್ಗಗಳನ್ನು ಮುಚ್ಚಿದರು. ಆಗಿನ ಸಂಪರ್ಕ ಸಚಿವ, ಮುಂದೆ ಪ್ರಧಾನಿಯಾದ ಊಲೋಫ್ ಪಾಲ್ಮೆ.

1967ರ ಸೆಪ್ಟೆಂಬರ್ 3, ಭಾನುವಾರ. ನಡುರಾತ್ರಿ 1 ಗಂಟೆಯಿಂದ ಅಗತ್ಯದ ವಾಹನಗಳ ಹೊರತು ಉಳಿದವು ರಸ್ತೆಗೆ ಇಳಿಯುವಂತಿರಲಿಲ್ಲ. ಬೆಳಗಿನ 4.50ಕ್ಕೆ ಓಡುತ್ತಿದ್ದ ಎಲ್ಲ ವಾಹನಗಳೂ ನಿಂತು, ಮೆಲ್ಲನೆ ರಸ್ತೆಯ ಬಲಬದಿಗೆ ದಾಟಿ, ಅಲ್ಲಿ ಕಾದವು. 5 ಗಂಟೆ ಹೊಡೆದಾಗ ಇಡೀ ದೇಶ ಬಲಕ್ಕೆ ಹೊರಟಿತು. ವೇಗದ ಮಿತಿಯನ್ನು ಮೊದಲೇ ಇಳಿಸಿದ್ದರು. ಮುಂದಿನ ದಿನಗಳಲ್ಲಿ ಅಪಘಾತಗಳು ಹೆಚ್ಚಲಿಲ್ಲ, ಬದಲಿಗೆ ಕಡಿಮೆಯಾದವು! ಆದರೆ ಎರಡು ವರ್ಷದೊಳಗೆ ಸಂಖ್ಯೆ ಹಳೆಯ ಮಟ್ಟಕ್ಕೇ ಮರಳಿತು. ಹೆದರಿಕೆ ಇದ್ದಾಗ ಎಲ್ಲರೂ ನಿಧಾನವಾಗಿ ಓಡಿಸಿದರು. ರೂಢಿಯಾದ ಮೇಲೆ ಹೆದರಿಕೆ ಹೋಯಿತು. ಪರದೇಶದಲ್ಲಿ ಕಾರು ಓಡಿಸುವವನಿಗೂ ಇದು ಅನ್ವಯಿಸುತ್ತದೆ. ಮೊದಲ ದಿನ ಅವನು ಎಚ್ಚರದಿಂದಿರುತ್ತಾನೆ. ಎಡವಟ್ಟಾಗುವುದು ಮೂರನೆಯ ದಿನ, ಬೆಳಿಗ್ಗೆ ಪೆಟ್ರೋಲ್ ಬಂಕಿನಿಂದ ಖಾಲಿ ರಸ್ತೆಗೆ ಹೊರಬರುವಾಗ. ಎದುರಿಗೆ ಬೇರೆ ವಾಹನಗಳಿದ್ದರೆ ಅವೇ ದಾರಿ ತೋರಿಸುತ್ತವೆ. ಖಾಲಿ ರಸ್ತೆಯಲ್ಲಿ ಕೈಕಾಲುಗಳು ಊರಿನ ಅಭ್ಯಾಸಕ್ಕೆ ಮರಳುತ್ತವೆ.

ಬಲದಿಂದ ಎಡಕ್ಕೆ ಬಂದವರೂ ಇದ್ದಾರೆ. ಅಮೆರಿಕದ ಕೈಯಲ್ಲಿದ್ದು ಜಪಾನಿಗೆ ಮರಳಿದ ಒಕಿನಾವಾ ದ್ವೀಪ 1978ರ ಜುಲೈ 30ರಂದು ಎಡಕ್ಕೆ ಬಂತು. ಪೆಸಿಫಿಕ್ ಸಾಗರದ ಸಮೋವಾ 2009ರ ಸೆಪ್ಟೆಂಬರ್ 7ರಂದು ಎಡವಾಯಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ಹಳೆಯ ಕಾರುಗಳು ಅಗ್ಗವಾಗಿ ಸಿಗಲೆಂಬುದು ಉದ್ದೇಶ. ಜನರು ಎದ್ದು ಪ್ರತಿಭಟಿಸಿ ಕೋರ್ಟಿಗೂ ಹೋದರು. ಸರಕಾರ ಎರಡು ದಿನ ರಜೆ, ಮೂರು ದಿನ ಮದ್ಯಬಂದಿ ಘೋಷಿಸಿ ಕೆಲಸ ಮುಗಿಸಿತು. ಬರ್ಮಾ 1970ರಲ್ಲಿ ಬಲಕ್ಕೆ ಹೋಯಿತಾದರೂ ಅಲ್ಲಿನ ಕಾರುಗಳ ಸ್ಟೀರಿಂಗ್ ಹೆಚ್ಚಾಗಿ ಬಲಗಡೆಯೇ ಉಳಿಯಿತು. ಸ್ವೀಡನ್ ಬಿಟ್ಟುಬಂದ ಕಷ್ಟವನ್ನು ಇವರು ಮೈಮೇಲೆ ಎಳೆದುಕೊಂಡಂತಾಯಿತು.

ಓಡಿಸುವವರ ಮಾತೇ ಆಯಿತು, ನಡೆಯುವವರನ್ನೂ ನೆನೆಯೋಣ. ವಿನ್‌ಸ್ಟನ್ ಚರ್ಚಿಲ್ ಹೆಸರು ಎಲ್ಲರಿಗೂ ಗೊತ್ತು. 1931ರ ಡಿಸೆಂಬರ್ 13ರ ರಾತ್ರಿ ಆತ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಸ್ನೇಹಿತರೊಬ್ಬರ ಮನೆ ಹುಡುಕುತ್ತಾ ಟ್ಯಾಕ್ಸಿಯಿಂದ ಇಳಿದು ರಸ್ತೆ ದಾಟತೊಡಗಿದ. ಲಂಡನ್ನಿನ ಅಭ್ಯಾಸಬಲದಿಂದ ತಪ್ಪು ದಿಕ್ಕಿಗೆ ನೋಡಿದ. ಇನ್ನೊಂದು ದಿಕ್ಕಿನಿಂದ ಬಂದ ಕಾರು ಬಡಿದು ಕೆಡವಿತು. ಹಣೆ ಒಡೆದು, ಪಕ್ಕೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ ಆತ, ತಪ್ಪು ತನ್ನದೇ ಎಂದು ಒಪ್ಪಿಕೊಂಡ. ಅಷ್ಟಕ್ಕೆ ಬಿಡದೆ, ಭೌತವಿಜ್ಞಾನಿ ಗೆಳೆಯ ಫ್ರೆಡರಿಕ್ ಲಿಂಡೆಮನ್‌ಗೆ ತಂತಿ ಕಳಿಸಿ ತನಗೆ ಬಿದ್ದ ಪೆಟ್ಟಿನ ಲೆಕ್ಕ ಕೇಳಿದ! 30 ಅಡಿ ಎತ್ತರದಿಂದ ಕಲ್ಲುಹಾಸಿನ ಮೇಲೆ ಬಿದ್ದುದಕ್ಕೆ ಸಮ ಎಂದು ಲಿಂಡೆಮನ್ ತಿಳಿಸಿದ.

ಬಿಎಸ್‌ಸಿ ಓದಿದವನಾದ್ದರಿಂದ ನಾನೂ ಈ ಲೆಕ್ಕವನ್ನು ಮಾಡಿ ನೋಡಿದೆ. 30 ಅಡಿಯಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 48 ಕಿಲೋಮೀಟರು, ಎಂದರೆ 30 ಮೈಲಿ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಗಂಟೆಗೆ 96 ಕಿಲೋಮೀಟರಿನ ಪೆಟ್ಟು 120 ಅಡಿಯಿಂದ ಬಿದ್ದಂತೆ. ಯುರೋಪಿನ ನಗರಗಳೊಳಗೆ ಸಾಮಾನ್ಯವಾಗಿ 50 ಕಿಲೋಮೀಟರು ಮಿತಿ, ಶಾಲೆ, ವಸತಿಗಳ ಬಳಿ 30 ಎಂದಿರುವುದರ ಅರ್ಥ ಇದರಲ್ಲಿದೆ. ಇಂದು ಲಂಡನ್ನಿನ ರಸ್ತೆ ದಾಟುವ ಜಾಗಗಳಲ್ಲಿ ಬಲಕ್ಕೆ ನೋಡಿ, ಎಡಕ್ಕೆ ನೋಡಿ ಎಂದು ನೆಲದ ಮೇಲೆಯೇ ಬರೆದಿರುತ್ತಾರೆ. ಮಗನ ಮನೆಗೆ ಹೋದ ನಮ್ಮ ಅಪ್ಪ ಅಮ್ಮಂದಿರು ಕಾರನ್ನೇ ಮುಟ್ಟದಿದ್ದರೂ ಬೆಳಗಿನ ವಾಕಿಂಗಿಗೆ ಹೋಗಿಯೇ ಹೋಗುತ್ತಾರೆ. ಅಮೆರಿಕದಲ್ಲಿಯೂ ಜರ್ಮನಿಯಲ್ಲಿಯೂ ಮೊದಲು ಎಡಕ್ಕೆ ನೋಡಬೇಕು.

ಈಗ ನನ್ನ ಟ್ರ್ಯಾಕ್ಟರಿನ ವಿಷಯ. ಫ್ರಾನ್ಸಿನಲ್ಲಿ ಹಳೆಯ ಕಟ್ಟಳೆಯೊಂದಿದೆ: ಬೇರೆ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವನಿಗೆ ಮೊದಲ ಹಕ್ಕು. ರಸ್ತೆ ದೊಡ್ಡದೋ ಚಿಕ್ಕದೋ ಎಂಬುದು ಲೆಕ್ಕಕ್ಕಿಲ್ಲ. ಓಣಿಯಿಂದ ಬಂದ ರೈತ ಅದಕ್ಕೇ ಅತ್ತಿತ್ತ ನೋಡಲಿಲ್ಲ, ನಾನು ನಿಲ್ಲಿಸಬೇಕಾಗಿತ್ತು. ನಮ್ಮೂರಿನಲ್ಲಿ ದೊಡ್ಡ ರಸ್ತೆಯವನೇ ದೊಡ್ಡವನು ಎಂದು ಬೆಳೆದ ನನಗೆ ಇದು ತೋಚಲಿಲ್ಲ. ಜರ್ಮನಿಯ ವಸತಿ ಬಡಾವಣೆಗಳಲ್ಲಿಯೂ ಇದೇ ನಿಯಮ. ಹಳದಿ ವಜ್ರಾಕಾರದ ಫಲಕ ಕಂಡರೆ ಹಕ್ಕು ನಿಮ್ಮದು. ಅದರ ಮೇಲೆ ಕಪ್ಪು ಗೀಟು ಎಳೆದಿದ್ದರೆ ಆ ಹಕ್ಕು ಅಲ್ಲಿಗೆ ಮುಗಿಯಿತು. ತ್ರಿಕೋನದೊಳಗೆ ಅಡ್ಡಗೀಟಿನ ಗುಣಾಕಾರ ಚಿಹ್ನೆ ಇದ್ದರೆ ಮುಂದೆ ಬಲದವನಿಗೆ ದಾರಿ ಬಿಡಬೇಕು. ನಾನು ದಾಟಿಬಂದ ಊರಬಾಗಿಲಲ್ಲಿ ಅದಿತ್ತಂತೆ. ನೋಡಿದ್ದೆ, ಚಕ್ರದ ಚಿತ್ರವಿರಬೇಕೆಂದು ತಿಳಿದಿದ್ದೆ!

ಈ ಕಟ್ಟಳೆ ಸರ್ಕಲ್ಲುಗಳಲ್ಲಿ ತೊಂದರೆ ಕೊಟ್ಟಿತು. ಒಳಗೆ ಸುತ್ತುವವನು ಹೊರಗಿನಿಂದ ಬರುವವನಿಗೆ ದಾರಿ ಬಿಡುತ್ತಾ ಹೋದರೆ ಸರ್ಕಲ್ಲು ತುಂಬಿ ಬಿಗಿದುಕೊಳ್ಳುತ್ತದೆ. ಬ್ರಿಟನ್ 1966ರಲ್ಲಿ ಒಳಗಿರುವವನಿಗೇ ಮೊದಲ ಹಕ್ಕು ಎಂದು ಮಾಡಿತು. ಫ್ರಾನ್ಸಿನಲ್ಲಿ ಫಲಕವಿಟ್ಟ ಸರ್ಕಲ್ಲುಗಳಿಗೆ ಇದು ಬಂದದ್ದು 1984ರಲ್ಲಿ. ಆದರೆ 12 ಬೀದಿಗಳು ಕೂಡುವ ಪ್ಯಾರಿಸ್‌ನ ವಿಜಯ ಕಮಾನಿನ ಸುತ್ತ ಇಂದಿಗೂ ಹಳೆಯ ಪದ್ಧತಿಯೇ. ಪ್ರವಾಸಿಗಳಿಗೆ ನನ್ನ ಸಲಹೆ: ಅದನ್ನು ಕಾಲ್ನಡಿಗೆಯಲ್ಲಿ, ಸುರಂಗದ ದಾರಿಯಿಂದ ಹೋಗಿ ನೋಡಿ. ಅಮೆರಿಕದಲ್ಲಿ ಇನ್ನೊಂದು ಬಗೆ. ನಾಲ್ಕೂ ಕಡೆ ನಿಲ್ಲು ಫಲಕವಿದ್ದರೆ ಮೊದಲು ಬಂದು ನಿಂತವನು ಮೊದಲು ಹೊರಡುತ್ತಾನೆ. ಮಕ್ಕಳನ್ನು ಇಳಿಸಲು ಕೆಂಪು ದೀಪ ಮಿನುಗಿಸಿ ನಿಂತ ಹಳದಿ ಶಾಲಾ ಬಸ್ಸಿನ ಹಿಂದೆ ನಿಲ್ಲಲೇಬೇಕು. ನಡುವೆ ವಿಭಜಕವಿಲ್ಲದ ರಸ್ತೆಯಾದರೆ ಎದುರಿನಿಂದ ಬರುವವರೂ ನಿಲ್ಲಬೇಕು. ಕೆಂಪು ದೀಪದಲ್ಲಿ ನಿಂತು ನೋಡಿ ಬಲಕ್ಕೆ ತಿರುಗಲು ಅಲ್ಲಿ ಸಾಮಾನ್ಯವಾಗಿ ಅನುಮತಿಯಿದೆ, ನ್ಯೂಯಾರ್ಕ್ ನಗರದಲ್ಲಿ ಮಾತ್ರ ಇಲ್ಲ.

ದೀಪಗಳದು ಇನ್ನೊಂದು ಕಥೆ. ಫ್ರಾನ್ಸಿನಲ್ಲಿ 1930ರ ದಶಕದ ಕೊನೆಯಿಂದ 1993ರವರೆಗೆ ಕಾರಿನ ಮುಂದೀಪ ಹಳದಿಯಾಗಿರಬೇಕಿತ್ತು. ಕಣ್ಣು ಕುಕ್ಕುವುದು ಕಡಿಮೆಯೆಂಬ ನಂಬಿಕೆ. ಅಲ್ಲಿನ ಹಳೆಯ ಸಿನಿಮಾಗಳ ರಾತ್ರಿ ದೃಶ್ಯಗಳಲ್ಲಿ ಗಮನಿಸಿ. ಈಗ ಬೇಕಾದದ್ದು ಬೇರೆ ಎಚ್ಚರಿಕೆ. ಡಿಮ್ ಮಾಡಿದ ದೀಪದ ಬೆಳಕು ಎರಡು ಬದಿಗೂ ಸಮವಾಗಿರುವುದಿಲ್ಲ. ಎದುರಿನವನ ಕಡೆ ತಗ್ಗಿ, ರಸ್ತೆಯಂಚಿನ ಕಡೆ ಎದ್ದಿರುತ್ತದೆ. ಬ್ರಿಟನ್ನಿನ ಕಾರನ್ನು 1994ರಲ್ಲಿ ತೆರೆದ ಕಡಲಡಿಯ ಸುರಂಗದ ರೈಲಿನಲ್ಲಿ ಫ್ರಾನ್ಸಿಗೆ ಒಯ್ದರೆ ಆ ಎದ್ದ ಬೆಳಕು ನೇರವಾಗಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಅದಕ್ಕಾಗಿ ದೀಪದ ಗಾಜಿಗೆ ಅಂಟಿಸುವ ಪಟ್ಟಿಗಳು ಸಿಗುತ್ತವೆ.

ಮದ್ಯದ ವಿಷಯದಲ್ಲಿ ನಾರ್ವೆ 1936ರಲ್ಲಿಯೇ ರಕ್ತದಲ್ಲಿ ಇಷ್ಟಕ್ಕಿಂತ ಹೆಚ್ಚಿರಬಾರದೆಂದು ಅಂಕಿಯಲ್ಲಿ ಹೇಳಿತು. ಬ್ರಿಟನ್ ಹೇಳಿದ್ದು 1967ರಲ್ಲಿ, 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ; ಸ್ಕಾಟ್ಲೆಂಡ್ 2014ರಲ್ಲಿ ಅದನ್ನು 50ಕ್ಕೆ ಇಳಿಸಿತು. ಜರ್ಮನಿ, ಫ್ರಾನ್ಸುಗಳಲ್ಲಿ 50, ಸ್ವೀಡನ್ನಿನಲ್ಲಿ 20, ಹಂಗೇರಿಯಲ್ಲಿ ಸೊನ್ನೆ. ನಮ್ಮ ಕಾನೂನಿನಲ್ಲಿ 30. ಗಡಿ ದಾಟಿದಾಗ ಹೊಟ್ಟೆಯೊಳಗಿನದು ಬದಲಾಗದಿದ್ದರೂ ಅಪರಾಧ ಬದಲಾಗುತ್ತದೆ. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ ಹೋಗಲು 1985ರಿಂದಲೂ ವಾರ್ಷಿಕ ಚೀಟಿ ಬೇಕು. ಒಂದೇ ದಿನಕ್ಕೆ ಹೋದರೂ ವರ್ಷದ ಹಣ, 40 ಫ್ರಾಂಕು.

ದಾವಣಗೆರೆಯ ಮೇಷ್ಟರಿಗೆ ಇದರ ಸಾರವನ್ನು ಬರೆದು ಕಳಿಸಿದೆ. ಪ್ರವಾಸಿಯಾಗಿ ಹೋದಾಗ ಭಾರತದ ಲೈಸೆನ್ಸೂ ಅಂತರರಾಷ್ಟ್ರೀಯ ಪರವಾನಗಿಯೂ ಜೊತೆಗಿದ್ದರೆ ಕಾನೂನು ಅಡ್ಡಿಪಡಿಸದು. ಮಗನ ಕಾರಿನ ವಿಮೆಯಲ್ಲಿ ಬೇರೆಯವರು ಓಡಿಸಲು ಅವಕಾಶವಿದೆಯೇ ಎಂಬುದನ್ನು ಮಾತ್ರ ಮೊದಲೇ ಕೇಳಿಕೊಳ್ಳಿ ಎಂದೆ. ಹಿಂದೆ ಕೂರುವ ಮನೆಯವರಿಗೂ ಬೆಲ್ಟು ಹಾಕಿಸಿ ಎಂದು ಕೆಳಗೆ ಗೆರೆ ಎಳೆದು ಬರೆದೆ. ಎರಡು ತಿಂಗಳ ಮೇಲೆ ಸ್ವಿಟ್ಜರ್ಲೆಂಡಿನ ಚಿತ್ರದ ಕಾರ್ಡೊಂದು ಬಂತು. "ವಿಮೆಯ ಕಾಗದ ನೋಡಿದೆವು, ಅದರಲ್ಲಿ ಮಗ ಸೊಸೆ ಇಬ್ಬರ ಹೆಸರೇ ಇದೆ. ಆದ್ದರಿಂದ ಮುಂದಿನ ಸೀಟಿನಲ್ಲಿ ಬಲಕ್ಕೆ ಕುಳಿತಿದ್ದೇನೆ. ನಮ್ಮೂರಿನಲ್ಲಿ ಸ್ಟೀರಿಂಗ್ ಇರುವ ಜಾಗ. ಪ್ರತಿ ತಿರುವಿನಲ್ಲೂ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿದೆ. ಬಲಗಡೆಯ ಓಣಿ ಬಂದಾಗಲೆಲ್ಲ ಮಗನಿಗೆ ಕೂಗಿ ಹೇಳುತ್ತಿದ್ದೇನೆ. ಅವನಿಗೆ ಸಿಟ್ಟು ಬರುತ್ತಿದೆ."